ಏಕಾಂತ, ಆಪ್ತತೆ, ಋತುಮಾನ: ಕೊಲ್ಲಾಪುರದ ಕಾದಂಬರಿಕಾರ ವಿ. ಸ. ಖಾಂಡೇಕರರ ವಿಚಾರ

ಏಕಾಂತ, ಆಪ್ತತೆ, ಋತುಗಳ ಬದಲಾವಣೆ ಈ ಮೂರೂ ಕವಿಗಳ ಸೊತ್ತೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಕಾದಂಬರಿಕಾರನು ಜನಜಂಗುಳಿಯ ಮನುಷ್ಯ. ಮನೆತನ, ಮದುವೆ, ವ್ಯಾಜ್ಯ, ಸಂತೆ ಇವು ಅವನ ಸಾಮಗ್ರಿ ಎಂದು ತಿಳಿಯುವದುಂಟು. ಆದರೆ ಕಾದಂಬರಿ ಬರೆಯುವ ಕೆಲಸವಾದರೂ ಏನು? ಮನುಷ್ಯರ ನಡುವಿನಿಂದ ಎದ್ದು ಹೋಗಿ ಒಬ್ಬನೇ ಕುಳಿತು, ಮನುಷ್ಯರ ಬಗೆಗೆ ವರ್ಷಗಟ್ಟಲೆ ಯೋಚಿಸುವದು. ಹಾಗೆ ಕುಳಿತವನು ಜನರಿಂದ ದೂರವಾಗುವನೋ, ಅವರಿಗೆ ಹತ್ತಿರವಾಗುವನೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೂ ಬರಹದಲ್ಲಿಯೂ ಕೊನೆಯವರೆಗೆ ಹಿಡಿದು ನಡೆದ ಒಬ್ಬ ಕಾದಂಬರಿಕಾರರು ನಮ್ಮ ಈ ಗಡಿಭಾಗದಲ್ಲಿಯೇ ಆಗಿಹೋದರು. ಅವರೇ ಕೊಲ್ಲಾಪುರದ ವಿಷ್ಣು ಸಖಾರಾಮ ಖಾಂಡೇಕರರು.

ಮರಾಠಿ ಲೇಖಕರ ವಿಚಾರ ಕನ್ನಡ ಶಿಕ್ಷಕರ ಸಂಚಿಕೆಯಲ್ಲಿ ಏಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಎರಡು. ಖಾಂಡೇಕರರು ಕಾದಂಬರಿಕಾರರಾಗುವ ಮೊದಲು ಹಳ್ಳಿಯ ಶಾಲೆಯ ಮಾಸ್ತರರು. ಅವರ ಬರಹದ ಬೇರು ಮಾಸ್ತರಿಕೆಯಲ್ಲಿಯೇ ಇದೆ. ಎರಡನೆಯದಾಗಿ, ಅವರು ನೆಲೆಸಿದ ನೆಲದ ಋತುಮಾನ ನಮ್ಮದೂ ಹೌದು. ರಾಜ್ಯಗಳ ಗಡಿ 1956ರಲ್ಲಿ ಒಂದು ರೀತಿ, 1960ರಲ್ಲಿ ಇನ್ನೊಂದು ರೀತಿ ಗೊತ್ತಾಯಿತು. ಆದರೆ ಮಿರಗದ ಮಳೆ ಅದಕ್ಕಾಗಿ ತನ್ನ ದಾರಿಯನ್ನು ಬದಲಿಸಲಿಲ್ಲ.

ಈ ನೆಲದ ಪರಿಚಯ ಮೊದಲು ಆಗತಕ್ಕದ್ದು. ಸಾವಂತವಾಡಿಯ ಮೇಲಿನ ಘಟ್ಟದ ತಲೆಯಲ್ಲಿ ಆಂಬೋಲಿ ಎಂಬ ಊರಿದೆ. ಅತಿವೃಷ್ಟಿಗೆ ಹೆಸರಾದ ಆ ಊರಿನಲ್ಲಿ ಹಿರಣ್ಯಕೇಶಿ ಹುಟ್ಟಿ, ಗಡಹಿಂಗ್ಲಜವನ್ನು ತೊಯ್ಯಿಸಿ, ಸಂಕೇಶ್ವರದ ಮಗ್ಗುಲಲ್ಲಿ ಹರಿದು, ಘಟಪ್ರಭೆಯನ್ನು ಕೂಡುತ್ತದೆ. ಕೊಲ್ಲಾಪುರದ ಪಂಚಗಂಗೆ ಇಚಲಕರಂಜಿಯ ಬಳಿ ಸಾಗಿ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮರಾಠಿ ನೆಲದ ನೀರು ಕನ್ನಡ ನೆಲಕ್ಕೆ ಬರುವ ಈ ದಾರಿಗಳಲ್ಲಿ ಒಕ್ಕಲಿಗರ ಪಂಚಾಂಗವೂ ಒಂದೇ. ನಾವು ಕಾರಹುಣ್ಣಿಮೆ ಎನ್ನುವ ಎತ್ತಿನ ಹಬ್ಬವನ್ನು ಆ ಕಡೆಯಲ್ಲಿ ಇಂದಿಗೂ ‘ಕರ್ನಾಟಕಿ ಬೆಂದೂರ’ ಎಂದೇ ಕರೆಯುತ್ತಾರೆ. ಹಬ್ಬದ ಹೆಸರಿನಲ್ಲಿಯೇ ನಾಡಿನ ಹೆಸರು ಉಳಿದಿರುವ ಈ ಸಂಗತಿ ಸಣ್ಣದಲ್ಲ. ಶಿಲಾಹಾರ ಅರಸರು ಕೊಲ್ಲಾಪುರದ ಸುತ್ತಲೂ ಕನ್ನಡ ಶಾಸನಗಳನ್ನು ಬಿಟ್ಟುಹೋದರು. ಅವುಗಳನ್ನು ಓದಿ, 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು ಹೊರತಂದವರು ಅಲ್ಲಿಯ ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು. ಅದೇ ಕಾಲೇಜಿನಲ್ಲಿ 1930ರಿಂದ 1962ರವರೆಗೆ ಅರ್ಧಮಾಗಧಿಯನ್ನು ಕಲಿಸಿದ ಆ. ನೇ. ಉಪಾಧ್ಯೆಯವರು ಸದಲಗೆಯ ಕನ್ನಡಿಗರು. ವಿನಾಯಕ ಕೃಷ್ಣ ಗೋಕಾಕರು 1950ರ ಸುಮಾರಿಗೆ ಅಲ್ಲಿಯ ಪ್ರಾಚಾರ್ಯರಾಗಿದ್ದರು. ಖಾಂಡೇಕರರ ಕೊಲ್ಲಾಪುರ ಇಂಥ ಎರಡು ನಾಲಿಗೆಯ ಊರು.

ಖಾಂಡೇಕರರು ಹುಟ್ಟಿದ್ದು 1898ರ ಜನವರಿ 11ರಂದು ಸಾಂಗಲಿಯಲ್ಲಿ. ಹುಟ್ಟು ಹೆಸರು ಗಣೇಶ ಆತ್ಮಾರಾಮ. ತಾರುಣ್ಯದಲ್ಲಿ ಅವರನ್ನು ಸಾವಂತವಾಡಿಯ ಕಡೆಯ ಚಿಕ್ಕಪ್ಪನವರಿಗೆ ದತ್ತಕ ಕೊಡಲಾಯಿತು. ಹೆಸರು ವಿಷ್ಣು ಸಖಾರಾಮ ಎಂದಾಯಿತು. ಹುಟ್ಟಿದ ಮನೆ ಒಂದು, ಬಾಳಬೇಕಾದ ಮನೆ ಇನ್ನೊಂದು. ಹೆಸರೂ ಬೇರೆ, ಹವೆಯೂ ಬೇರೆ. ಘಟ್ಟದ ಮೇಲಿನ ಬಯಲುಸೀಮೆಯ ಹುಡುಗ ಕೊಂಕಣದ ಮಳೆಗೆ ಇಳಿದನು. 1920ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ಕಡಲ ದಂಡೆಯ ಶಿರೋಡೆ ಎಂಬ ಹಳ್ಳಿಯಲ್ಲಿ ಮಾಸ್ತರರಾದರು. 1938ರವರೆಗೆ, ಹದಿನೆಂಟು ವರ್ಷ, ಅಲ್ಲಿಯೇ ಉಳಿದರು.

ಈ ಹದಿನೆಂಟು ವರ್ಷಗಳ ಬೆಲೆಯನ್ನು ಶಿಕ್ಷಕರಾದ ನಾವು ಬೇರೆಯವರಿಗಿಂತ ಚೆನ್ನಾಗಿ ಅಳೆಯಬಲ್ಲೆವು. ಹಳ್ಳಿಯ ಮಾಸ್ತರನು ದಿನವೆಲ್ಲ ಜನರ ನಡುವೆ ಇದ್ದೂ ಒಂಟಿಯಾದವನು. ಹುಡುಗರು ಅವನಿಗೆ ಅಂಜುತ್ತಾರೆ, ಪಾಲಕರು ಮರ್ಯಾದೆ ಕೊಟ್ಟು ದೂರ ನಿಲ್ಲುತ್ತಾರೆ. ಓದಿದ ಪುಸ್ತಕದ ಬಗೆಗೆ ಮಾತಾಡಲು ಜೊತೆಗಾರರು ಸಿಗುವದು ವಿರಳ. ಸಂಜೆ ಶಾಲೆಯ ಕದ ಹಾಕಿದ ಮೇಲೆ ಅವನಿಗೆ ಉಳಿಯುವದು ದೀಪ ಮತ್ತು ಕಾಗದ. ಈ ಏಕಾಂತವನ್ನು ಖಾಂಡೇಕರರು ಗೊಣಗಾಟಕ್ಕೆ ಬಳಸಲಿಲ್ಲ. ‘ಹೃದಯಾಚೀ ಹಾಕ’ (1930), ‘ಕಾಂಚನಮೃಗ’ (1931), ‘ಉಲ್ಕಾ’ (1934), ‘ದೋನ ಧ್ರುವ’ (1934) ಈ ಕಾದಂಬರಿಗಳೆಲ್ಲ ಶಿರೋಡೆಯ ವರ್ಷಗಳ ಫಲ. ಆ ಹಳ್ಳಿಯೂ ಜಗತ್ತಿನಿಂದ ಕಡಿದುಹೋದ ಮೂಲೆಯಾಗಿರಲಿಲ್ಲ. 1930ರಲ್ಲಿ ಶಿರೋಡೆಯ ಉಪ್ಪಿನಾಗರಗಳಲ್ಲಿ ಸತ್ಯಾಗ್ರಹ ನಡೆಯಿತು. ನಮ್ಮ ಕಡೆಗೆ ಅಂಕೋಲೆ ಹೇಗೋ ಆ ಕಡೆಗೆ ಶಿರೋಡೆ ಹಾಗೆ. ತ್ಯಾಗ, ಧ್ಯೇಯ, ಬಡವನ ಉಪ್ಪು ಇವೆಲ್ಲ ಈ ಮಾಸ್ತರರ ಬಾಗಿಲಿಗೆ ತಾವಾಗಿಯೇ ಬಂದವು.

ಏಕಾಂತವು ಆಪ್ತತೆಯಾಗಿ ಮಾರ್ಪಟ್ಟ ಬಗೆಯನ್ನು ತಿಳಿಯಬೇಕಾದರೆ ಅವರ ಲಘುನಿಬಂಧಗಳ ಕಡೆಗೆ ನೋಡಬೇಕು. ನಾವು ಲಲಿತ ಪ್ರಬಂಧ, ಹರಟೆ ಎನ್ನುವ ಪ್ರಕಾರವಿದು. ಇದನ್ನು ಮರಾಠಿಯಲ್ಲಿ ಬೆಳೆಸಿದವರಲ್ಲಿ ಖಾಂಡೇಕರರೂ ನಾ. ಸೀ. ಫಡಕೆಯವರೂ ಮುಖ್ಯರು. ಫಡಕೆಯವರು ರಾಜಾರಾಮ ಕಾಲೇಜಿನಲ್ಲಿ ತತ್ವಶಾಸ್ತ್ರವನ್ನು ಕಲಿಸುತ್ತಿದ್ದ ಪ್ರಾಧ್ಯಾಪಕರು, ತಾವೂ ಪ್ರಸಿದ್ಧ ಕಾದಂಬರಿಕಾರರು. ಅವರು ಈ ಬರಹಕ್ಕೆ ‘ಗುಜಗೋಷ್ಟಿ’ ಎಂದು ಹೆಸರಿಟ್ಟರು. ಅಂದರೆ ಕಿವಿಯ ಹತ್ತಿರ ಆಡುವ ಮಾತು. ನಮ್ಮ ‘ಗುಜುಗುಜು’ವಿನ ಸದ್ದೂ ಆ ಶಬ್ದದಲ್ಲಿ ಕೇಳಿಸುತ್ತದೆ. ಸಭೆಯಲ್ಲಿ ನಿಂತು ಆಡಿದ್ದು ಭಾಷಣ, ಒಬ್ಬನೇ ಕುಳಿತು ಇನ್ನೊಬ್ಬನಿಗಾಗಿ ಬರೆದದ್ದು ಗುಜಗೋಷ್ಟಿ. ಓದುಗನು ಎದುರಿಗಿಲ್ಲ, ಆದರೂ ಎದುರಿಗೆ ಕುಳಿತಿದ್ದಾನೆಂದು ಬಗೆದು ಆಡಬೇಕು. ಈ ಕಲೆ ಏಕಾಂತವಿಲ್ಲದೆ ಸಾಧಿಸುವದಿಲ್ಲ. ಖಾಂಡೇಕರರ ‘ವಾಯುಲಹರಿ’ 1936ರಲ್ಲಿ ಬಂದಿತು. ಕನ್ನಡದಲ್ಲಿ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಬಂದದ್ದು 1937ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಎರಡು ಭಾಷೆಗಳು ಗಟ್ಟಿಯಾಗಿ ಕೂಗುವದನ್ನು ಬಿಟ್ಟು ಮೆಲ್ಲಗೆ ಮಾತಾಡಲು ಹೊರಟಿದ್ದವು. ಹೊರಗೆ ಸಭೆಗಳೂ ಘೋಷಣೆಗಳೂ ತುಂಬಿದ್ದ ಆ ದಶಕದಲ್ಲಿ ಓದುಗನಿಗೆ ಮೆಲುದನಿಯ ಹಸಿವೂ ಇತ್ತೆಂದು ಇದರಿಂದ ತೋರುತ್ತದೆ.

ಇನ್ನು ಋತುಮಾನ. ಖಾಂಡೇಕರರ ಪುಸ್ತಕಗಳ ಹೆಸರುಗಳನ್ನೇ ಒಂದು ಸಾಲಿನಲ್ಲಿ ಇಟ್ಟು ನೋಡಿದರೆ ಪಂಚಾಂಗ ಓದಿದಂತಾಗುತ್ತದೆ. ‘ಚಾಂದಣ್ಯಾತ’ ಎಂದರೆ ಬೆಳುದಿಂಗಳಲ್ಲಿ, ‘ಸಾಯಂಕಾಲ’, ‘ಹಿರವಾ ಚಾಫಾ’ ಎಂದರೆ ಹಸಿರು ಸಂಪಿಗೆ (1938), ‘ಪಾಂಢರೇ ಢಗ’ ಎಂದರೆ ಬಿಳಿಯ ಮೋಡ, ‘ಜಳಲೇಲಾ ಮೋಹರ’ ಎಂದರೆ ಸುಟ್ಟ ಮಾವಿನ ಹೂ (1941). ಈ ಕೊನೆಯ ಹೆಸರನ್ನು ರೈತನ ಮಗನಿಗೆ ವಿವರಿಸಬೇಕಾಗಿಲ್ಲ. ಮಾಘದಲ್ಲಿ ಗಿಡ ತುಂಬ ಹೂ ಬಿಟ್ಟ ಮಾವು ಮಂಜಿಗೋ ಮೋಡಕ್ಕೋ ಸಿಕ್ಕು ಕರಿಕಾದರೆ ಆ ವರ್ಷದ ಕಾಯಿಯ ಆಸೆ ಹೋಯಿತು. ಗಿಡವೇನೋ ನಿಂತೇ ಇರುತ್ತದೆ. ಮನುಷ್ಯರ ಬಾಳಿನಲ್ಲಿಯೂ ಇಂಥ ವರ್ಷಗಳುಂಟು ಎಂಬುದು ಅವರ ವಿಚಾರ. ಋತುವು ಅವರಿಗೆ ಕಥೆಯ ಹಿನ್ನೆಲೆಗೆ ತೂಗುಹಾಕಿದ ಪರದೆಯಾಗಿರದೆ, ಮನಸ್ಸಿನ ಕಾಲವನ್ನು ಅಳೆಯುವ ಮಾನವಾಗಿತ್ತು.

1938ರಲ್ಲಿ ಖಾಂಡೇಕರರು ಮಾಸ್ತರಿಕೆಯನ್ನು ಬಿಟ್ಟು ಕೊಲ್ಲಾಪುರಕ್ಕೆ ಬಂದರು. ಕಾರಣ ಚಿತ್ರಪಟ. ಮಾಸ್ಟರ್ ವಿನಾಯಕರೂ ಅವರ ಜೊತೆಗಾರರೂ ಕೊಲ್ಲಾಪುರದಲ್ಲಿ ಕಟ್ಟಿದ ಹಂಸ ಪಿಕ್ಚರ್ಸ್ ಸಂಸ್ಥೆಯ ಮೊದಲ ಚಿತ್ರ ‘ಛಾಯಾ’ (1936). ಅದರ ಕಥೆ ಖಾಂಡೇಕರರದು. ಮುಂದೆ ‘ಜ್ವಾಲಾ’ (1938), ‘ದೇವತಾ’ (1939) ಚಿತ್ರಗಳಿಗೂ ಅವರೇ ಬರೆದರು. ಸದ್ದಿಲ್ಲದ ಕಡಲೂರಿನಿಂದ ಸ್ಟುಡಿಯೋದ ಸದ್ದಿಗೆ ಬಂದಂತಾಯಿತು. ಕೀರ್ತಿಯೂ ಬಂದಿತು, 1941ರಲ್ಲಿ ಸೋಲಾಪುರದ ಮರಾಠಿ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ಅದೇ ಊರಿನಲ್ಲಿದ್ದ ಫಡಕೆಯವರಿಗೂ ಅವರಿಗೂ ‘ಕಲೆಗಾಗಿ ಕಲೆ’, ‘ಜೀವನಕ್ಕಾಗಿ ಕಲೆ’ ಎಂಬ ವಾದ ನಡೆದು ಇಡೀ ಮರಾಠಿ ನಾಡು ಎರಡು ಪಂಗಡವಾದದ್ದು ಎಲ್ಲರಿಗೂ ತಿಳಿದ ಮಾತು.

ಆದರೆ ಚರಿತ್ರಕಾರನು ಗಮನಿಸತಕ್ಕ ಸಂಗತಿ ಈ ಗದ್ದಲದ ನಂತರ ಇದೆ. 1942ರಲ್ಲಿ ‘ಕ್ರೌಂಚವಧ’ ಬಂದಿತು. ಅದಾದ ಮೇಲೆ ‘ಅಶ್ರು’ ಬಂದದ್ದು 1954ರಲ್ಲಿ. ಹನ್ನೆರಡು ವರ್ಷ ಅವರು ಹೊಸ ಕಾದಂಬರಿಯನ್ನು ಕೊಡಲಿಲ್ಲ. ಸಣ್ಣಕಥೆ, ರೂಪಕಕಥೆ, ನಿಬಂಧಗಳು ನಡೆದಿದ್ದವು. ಕಾದಂಬರಿ ಮಾತ್ರ ನಿಂತಿತು. ಈ ಹನ್ನೆರಡು ವರ್ಷಗಳಲ್ಲಿ ಏನೇನಾಯಿತು ನೋಡಿರಿ. ಮಹಾಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂದಿತು, 1948ರ ಜನವರಿಯಲ್ಲಿ ಗಾಂಧೀಜಿಯವರ ಕೊಲೆಯಾಯಿತು. ಅದರ ಬೆನ್ನಿಗೆ ಕೊಲ್ಲಾಪುರದ ಸುತ್ತಮುತ್ತ ಮನೆಗಳು ಉರಿದವು; ಭಾಲಜಿ ಪೆಂಢಾರಕರರ ಸ್ಟುಡಿಯೋ ಕೂಡ ಬೆಂಕಿಗೆ ತುತ್ತಾಯಿತು. 1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಧ್ಯೇಯವಾದದ ಮೇಲೆ ಕಾದಂಬರಿ ಕಟ್ಟುತ್ತಿದ್ದ ಲೇಖಕನ ಎದುರಿಗೆ ಧ್ಯೇಯವೇ ಪ್ರಶ್ನೆಯಾಗಿ ನಿಂತ ಕಾಲವಿದು. ಆ ಬಿಡುವನ್ನು ಬತ್ತಿದ ಬಾವಿಯೆಂದು ಕರೆಯುವದಕ್ಕಿಂತ ಬೀಡು ಬಿಟ್ಟ ಹೊಲವೆಂದು ಕರೆಯುವದು ಯೋಗ್ಯ. ಬಿತ್ತದೆ ಬಿಟ್ಟ ಹೊಲವೂ ಮಳೆಯನ್ನು ಹೀರುತ್ತಿರುತ್ತದೆ. ಅದಕ್ಕೆ ಸಾಕ್ಷಿಯಾಗಿ 1959ರಲ್ಲಿ ‘ಯಯಾತಿ’ ಬಂದಿತು.

ಯಯಾತಿಯ ಕಥೆ ಮಹಾಭಾರತದ ಆದಿಪರ್ವದ್ದು. ನಮ್ಮ ಓದುಗರಿಗೆ ಹೊಸದಲ್ಲ. ಶುಕ್ರನ ಶಾಪದಿಂದ ಅಕಾಲದಲ್ಲಿ ಮುಪ್ಪಾದ ಅರಸನು ಮಗನಾದ ಪೂರುವಿನ ಯೌವನವನ್ನು ಕೇಳಿ ಪಡೆಯುತ್ತಾನೆ. ಖಾಂಡೇಕರರು ಪುರಾಣದ ಎಲುಬುಗೂಡನ್ನು ಮಾತ್ರ ತೆಗೆದುಕೊಂಡು ತಮ್ಮ ಕಾಲದ ಮನುಷ್ಯನನ್ನು ಅದರಲ್ಲಿ ನಿಲ್ಲಿಸಿದರು. ಸುಖ ಹೆಚ್ಚಿದಷ್ಟೂ ಹಸಿವು ಹೆಚ್ಚುವ ಮನುಷ್ಯನವನು. ಕಥೆಯನ್ನು ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ತಮ್ಮ ತಮ್ಮ ಬಾಯಿಂದ ಹೇಳುತ್ತಾರೆ. ಈ ರಚನೆಯಲ್ಲಿಯೇ ಒಂದು ಅರ್ಥವಿದೆ. ಒಂದೇ ಅರಮನೆಯಲ್ಲಿದ್ದ ಮೂವರು ತಮ್ಮ ಮನಸ್ಸನ್ನು ಒಬ್ಬರಿಗೊಬ್ಬರು ತೆರೆಯಲಾರದೆ ಅದನ್ನು ಓದುಗನ ಎದುರು ಬಿಚ್ಚುತ್ತಾರೆ. ಶಿರೋಡೆಯಲ್ಲಿ ರೂಢಿಯಾದ ಗುಜಗೋಷ್ಟಿ ಇಲ್ಲಿ ಕಾದಂಬರಿಯಷ್ಟು ದೊಡ್ಡದಾಗಿದೆ.

ಈ ಗ್ರಂಥದಲ್ಲಿ ಏಕಾಂತವು ಮೂರು ಬಗೆಯಾಗಿ ಬರುತ್ತದೆ. ಯಯಾತಿಯ ಅಣ್ಣ ಯತಿ ಮನೆಯನ್ನು ಬಿಟ್ಟು ಕಾಡು ಸೇರಿದವನು. ಅವನದು ಅಂಜಿಕೆಯ ಏಕಾಂತ. ದೇಹವನ್ನು, ಹೆಣ್ಣನ್ನು, ಸುಖವನ್ನು ದ್ವೇಷಿಸಿ ಅದು ಹುಚ್ಚಿಗೆ ಮುಟ್ಟುತ್ತದೆ. ಯಯಾತಿಯದು ಜನರ ನಡುವಿನ ಏಕಾಂತ. ಮದ್ಯ, ಮಾನಿನಿಯರು, ಮೃಗಯೆ ಎಲ್ಲ ಇದ್ದರೂ ರಾತ್ರಿ ಅವನ ಪಾಲಿಗೆ ಉಳಿಯುವದು ಸಾವಿನ ಭಯ. ಮೂರನೆಯದು ಕಚನದು. ಅವನು ಪ್ರೀತಿಸಿದ್ದಾನೆ, ಕಳೆದುಕೊಂಡಿದ್ದಾನೆ, ಆದರೂ ಕಹಿಯಾಗಿಲ್ಲ. ಒಬ್ಬನೇ ಇದ್ದು ಇನ್ನೊಬ್ಬರ ನೋವನ್ನು ಕೇಳಿಸಿಕೊಳ್ಳಬಲ್ಲವನು. ಓಡಿಹೋದವನ ಏಕಾಂತ, ಒಳಗೆ ಬರಿದಾದವನ ಏಕಾಂತ, ಇನ್ನೊಬ್ಬನಿಗೆ ಎಡೆಮಾಡಿಕೊಡುವವನ ಏಕಾಂತ ಎಂದು ಇವುಗಳನ್ನು ಹೆಸರಿಸಬಹುದು. ಹಳ್ಳಿಯ ಮಾಸ್ತರನ ಹದಿನೆಂಟು ವರ್ಷ ಯಾವ ಬಗೆಯದಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಆಪ್ತತೆಯ ವಿಚಾರವೂ ಹಾಗೆಯೇ. ದೇವಯಾನಿಯ ಮದುವೆಯಲ್ಲಿ ಅಧಿಕಾರವಿದೆ, ಆಪ್ತತೆಯಿಲ್ಲ. ಅಶೋಕವನದ ಶರ್ಮಿಷ್ಠೆಯ ಪ್ರೇಮದಲ್ಲಿ ಆಪ್ತತೆಯಿದೆ, ಅಧಿಕಾರವಿಲ್ಲ. ದೇಹದ ಸಾಮೀಪ್ಯ ಎರಡೂ ಕಡೆಗೆ ಉಂಟು. ಸಾಮೀಪ್ಯವೇ ಆಪ್ತತೆಯಾಗಿದ್ದರೆ ಯಯಾತಿಯಷ್ಟು ಆಪ್ತರುಳ್ಳವನು ಬೇರೆ ಇರುತ್ತಿರಲಿಲ್ಲ. ಇನ್ನೊಬ್ಬರಿಗಾಗಿ ತನ್ನದನ್ನು ಸ್ವಲ್ಪ ಬಿಡುವದೇ ಆಪ್ತತೆಯ ಗುರುತು ಎಂದು ಕಾದಂಬರಿಕಾರರು ತೋರಿಸುತ್ತಾರೆ. ಋತುಗಳ ಮಾತೂ ಇಲ್ಲಿಯೇ ಬಂದು ಕೂಡುತ್ತದೆ. ಯಯಾತಿಯ ದೊಡ್ಡ ಅಪರಾಧ ಸುಖವನ್ನು ಬಯಸಿದ್ದಲ್ಲ. ಮಗನ ವಸಂತವನ್ನು ಕಿತ್ತು ತನ್ನ ಶಿಶಿರಕ್ಕೆ ಹೊದಿಸಿದ್ದು ಅವನ ಅಪರಾಧ. ಋತುಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತವೆ. ಆದುದರಿಂದಲೇ ಬೆಳೆ ಬರುತ್ತದೆ. ತನ್ನ ಸರದಿ ಮುಗಿದರೂ ಏಳದೆ ಕುಳಿತ ಋತುವಿಗೆ ನಾವು ಬರಗಾಲವೆನ್ನುತ್ತೇವೆ.

ಇದೇ ಕಥೆಯನ್ನು ಎರಡೇ ವರ್ಷಗಳ ತರುವಾಯ ಕನ್ನಡದ ಒಬ್ಬ ತರುಣರು ಎತ್ತಿಕೊಂಡರು. ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಖಾಂಡೇಕರರು ಅರವತ್ತರ ಅಂಚಿನಲ್ಲಿ ತಂದೆಯ ಅಂತರಂಗವನ್ನು ಬಗೆದು ನೋಡಿದರೆ, ಇಪ್ಪತ್ತು ಮೀರಿದ ಕಾರ್ನಾಡರು ಮಗನ ಬೆನ್ನ ಮೇಲೆ ಬಿದ್ದ ಮುಪ್ಪನ್ನು ನೋಡಿದರು. ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ಹೊಸದಾಗಿ ತಂದು, ಇವರ ತ್ಯಾಗದ ಬೆಲೆಯನ್ನು ಯಾರು ತೆರಬೇಕೆಂದು ಆಕೆಯ ಬಾಯಿಂದ ಕೇಳಿಸಿದರು. ಖಾಂಡೇಕರರ ಧ್ಯೇಯವಾದಕ್ಕೆ ಈ ಪ್ರಶ್ನೆ ಚುಚ್ಚುವಂಥದೇ ಸರಿ. ಕೊಲ್ಲಾಪುರ, ಧಾರವಾಡಗಳ ನಡುವಿನ ಅಂತರ ಒಂದು ದಿನದ ಪ್ರಯಾಣದೊಳಗಿನದು. ಒಂದೇ ಪುರಾಣ ಎರಡು ಊರುಗಳಲ್ಲಿ, ಎರಡು ವಯಸ್ಸುಗಳಲ್ಲಿ, ಬಹುತೇಕ ಒಂದೇ ಕಾಲಕ್ಕೆ ಮೊಳೆತದ್ದನ್ನು ಕೂಡಿಸಿ ಕಲಿಸುವ ಅವಕಾಶ ಗಡಿಯ ಶಿಕ್ಷಕನಿಗೆ ಇದ್ದಷ್ಟು ಬೇರೆ ಯಾರಿಗೂ ಇಲ್ಲ. ಇನ್ನೊಂದು ಯೋಗವೂ ಉಂಟು: 1960ರ ಸಾಹಿತ್ಯ ಅಕಾಡೆಮಿ ಪುರಸ್ಕಾರ ಮರಾಠಿಯಲ್ಲಿ ‘ಯಯಾತಿ’ಗೂ ಕನ್ನಡದಲ್ಲಿ ಗೋಕಾಕರ ‘ದ್ಯಾವಾಪೃಥಿವೀ’ಗೂ ಬಂದಿತು. ಒಬ್ಬರು ಕೊಲ್ಲಾಪುರದ ನಿವಾಸಿ, ಇನ್ನೊಬ್ಬರು ಅಲ್ಲಿಯ ಹಿಂದಿನ ಪ್ರಾಚಾರ್ಯರು.

ಹೊಗಳಿಕೆಯೊಂದೇ ವಿಮರ್ಶೆಯಲ್ಲ. ಖಾಂಡೇಕರರ ಬರಹದಲ್ಲಿ ಸುಭಾಷಿತಗಳ ಭಾರ ಹೆಚ್ಚು. ಪಾತ್ರಗಳು ಹಲವು ಸಲ ಮನುಷ್ಯರಂತೆ ಮಾತಾಡದೆ ಲೇಖಕರಂತೆ ಮಾತಾಡುತ್ತವೆ. ಅವರ ಋತುಗಳು ಹೂದೋಟದವು, ಮನಸ್ಸಿನವು; ಕೆಸರಿನವಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರು, ಅವರೂ ಶಾಲಾಮಾಸ್ತರರೇ, 1940ರ ದಶಕದಲ್ಲಿ ಬರೆದ ‘ನಿಸರ್ಗ’ವನ್ನು ಪಕ್ಕದಲ್ಲಿಟ್ಟು ಓದಿದರೆ ಈ ವ್ಯತ್ಯಾಸ ತಿಳಿಯುವದು. ಅಲ್ಲಿ ಮಳೆ ಬಂದರೆ ಒಕ್ಕಲು ಮನೆಯ ಬಾಳೇ ಬದಲಾಗುತ್ತದೆ, ಮಾತಾದರೂ ಹೊಲದ ಬದುವಿನ ಮಾತು. ಇಚಲಕರಂಜಿಯ ವಿಚಾರವೂ ನೆನಪಾಗುತ್ತದೆ. ಅಲ್ಲಿ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ. ಮುಂದೆ ಊರಿಗೆ ಊರೇ ಮಗ್ಗವಾಯಿತು. ಮಗ್ಗಕ್ಕೆ ಮಿರಗವೂ ಇಲ್ಲ, ಮಾಘವೂ ಇಲ್ಲ. ಲಾಳಿ ಹನ್ನೆರಡು ತಿಂಗಳೂ ಓಡುತ್ತದೆ. ಆ ಸದ್ದಿನಲ್ಲಿ ಪಕ್ಕದವನ ಮಾತು ಕೇಳಿಸದೆ ಹೆಗಲಿಗೆ ಹೆಗಲು ಹಚ್ಚಿ ದುಡಿಯುವವನದೂ ಒಂದು ಏಕಾಂತವೇ. ಅದನ್ನು ಬರೆಯಲು ಬೇರೆ ಬಗೆಯ ಲೇಖಣಿ ಬೇಕು.

ಹಳ್ಳಿಯನ್ನು ಬಿಡದೆ ಬರೆದವರೂ ಇದೇ ಸೀಮೆಯಲ್ಲಿದ್ದರು. ಗಡಹಿಂಗ್ಲಜದ ದಕ್ಷಿಣಕ್ಕೆ, ತಾಮ್ರಪರ್ಣಿಯ ದಂಡೆಯ ಕೋವಾಡದಲ್ಲಿ ಹುಟ್ಟಿದ ರಣಜಿತ ದೇಸಾಯಿಯವರು (1928–1992) ತಮ್ಮ ಊರಿಗೇ ಅಂಟಿಕೊಂಡವರು. ಕೋವಾಡವಿರುವ ಚಂದಗಡ ತಾಲೂಕು 1956ರವರೆಗೆ ಬೆಳಗಾವಿ ಜಿಲ್ಲೆಯದು. ಅವರ ‘ಸ್ವಾಮಿ’ (1962) ಮಾಧವರಾವ ಪೇಶವೆಯ ಕಥೆ. ಕರ್ನಾಟಕದ ದಂಡಯಾತ್ರೆಗಳಲ್ಲಿ ಹೈದರನನ್ನು ಎದುರಿಸಿ, ಕ್ಷಯದಿಂದ 1772ರಲ್ಲಿ ಥೇಊರಿನಲ್ಲಿ ತೀರಿಕೊಂಡ ಆ ತರುಣನ ಅಧಿಕಾರದ ಒಂಟಿತನವನ್ನೂ, ಅವನಿಗೂ ರಮಾಬಾಯಿಗೂ ನಡುವೆ ಉಳಿದ ಅಲ್ಪಕಾಲದ ಆಪ್ತತೆಯನ್ನೂ ಅದು ಹೇಳುತ್ತದೆ. ಖಾಂಡೇಕರರು ಪುರಾಣದಲ್ಲಿ ಕಂಡದ್ದನ್ನು ದೇಸಾಯಿಯವರು ಇತಿಹಾಸದಲ್ಲಿ ಕಂಡರು. 1964ರಲ್ಲಿ ಈ ಕಾದಂಬರಿಗೂ ಅಕಾಡೆಮಿಯ ಪುರಸ್ಕಾರ ದೊರೆಯಿತು.

ಖಾಂಡೇಕರರ ಕಣ್ಣು ಮೊದಲಿನಿಂದಲೂ ದುರ್ಬಲ. ಕೊನೆಯ ವರ್ಷಗಳಲ್ಲಿ ದೃಷ್ಟಿ ಪೂರ್ತಿ ಹೋಯಿತು. ಓದುವದೂ ಬರೆಯುವದೂ ಇನ್ನೊಬ್ಬರ ಕಣ್ಣು ಕೈಗಳಿಂದ ಆಗಬೇಕಾಯಿತು. ಏಕಾಂತದಲ್ಲಿ ಆಪ್ತತೆಯನ್ನು ಹುಡುಕಿದ ಲೇಖಕನಿಗೆ ಕೊನೆಗೆ ಬರಹವೇ ಇಬ್ಬರು ಕೂಡಿ ಮಾಡುವ ಕೆಲಸವಾಯಿತು. 1974ರ ಜ್ಞಾನಪೀಠ ಪುರಸ್ಕಾರ ‘ಯಯಾತಿ’ಗೆ ಬಂದಿತು, ಮರಾಠಿಗೆ ಅದೇ ಮೊದಲನೆಯದು. 1976ರ ಸೆಪ್ಟೆಂಬರ್ 2ರಂದು ಅವರು ಮಿರಜದಲ್ಲಿ ತೀರಿಕೊಂಡರು. ಕೊಲ್ಲಾಪುರದ ಶಿವಾಜಿ ವಿದ್ಯಾಪೀಠದಲ್ಲಿ ಅವರ ಸ್ಮಾರಕ ಸಂಗ್ರಹಾಲಯವಿದೆ.

ಅವರ ಗ್ರಂಥಗಳು ಕಾ. ಶ್ರೀ. ಶ್ರೀ. ಅವರ ಅನುವಾದದಿಂದ ತಮಿಳು ನಾಡಿನ ಮನೆಮನೆಗೆ ಮುಟ್ಟಿದವು. ಕನ್ನಡಕ್ಕೆ ‘ಯಯಾತಿ’ಯನ್ನು ತಂದವರು ಸ್ವತಃ ಕಾದಂಬರಿಕಾರರೂ ವಿಮರ್ಶಕರೂ ಆದ ವಿ. ಎಂ. ಇನಾಂದಾರರು. ಆದರೆ ಅನುವಾದಕ್ಕೆ ಕಾಯದೆ ಮೂಲವನ್ನೇ ಓದಿ, ಮನೆಯಲ್ಲಿ ಕನ್ನಡದಲ್ಲಿ ಅದರ ಕಥೆ ಹೇಳಿದ ಓದುಗರು ಗಡಹಿಂಗ್ಲಜ, ನಿಪ್ಪಾಣಿ, ಸಂಕೇಶ್ವರಗಳ ಕಡೆಗೆ ಇದ್ದರು. ಇವರ ಲೆಕ್ಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೂ ಇಲ್ಲ, ಮರಾಠಿಯ ಚರಿತ್ರೆಯಲ್ಲಿಯೂ ಇಲ್ಲ. ಗಡಿಯ ವಾದದಲ್ಲಿ ಮಾತಾಡುವವರ ತಲೆಗಳನ್ನು ಎಣಿಸಿದರು. ಓದುವವರ ಮನಸ್ಸುಗಳನ್ನು ಎಣಿಸಲಿಲ್ಲ.

ಈ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಹಳೆಯ ಶಾಲೆಗಳ ಕಪಾಟುಗಳಲ್ಲಿ, ವಾಚನಾಲಯಗಳ ನೋಂದಣಿ ಪುಸ್ತಕಗಳಲ್ಲಿ ಯಾವ ಗ್ರಂಥವನ್ನು ಯಾರು ಯಾವಾಗ ಒಯ್ದರೆಂಬುದು ಬರೆದಿರುತ್ತದೆ. ಎರಡೂ ಭಾಷೆಗಳನ್ನು ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪೂ ಒಂದು ದಾಖಲೆಯೇ. ಗೆದ್ದಲು ಹತ್ತುವ ಮೊದಲು ಆ ಪುಸ್ತಕಗಳನ್ನು ತೆರೆಯಬೇಕು. ಹಿರಿಯರ ಮನೆಗೆ ಹೋಗಿ, ಅವಸರ ಮಾಡದೆ ಕುಳಿತು, ಅವರ ಮಾತುಗಳನ್ನು ಬರೆದುಕೊಳ್ಳಬೇಕು. ಒಂದೊಂದು ತಾಲೂಕಿಗೆ ಒಬ್ಬೊಬ್ಬ ಶಿಕ್ಷಕರು ಈ ಹೊಣೆಯನ್ನು ಹೊತ್ತರೂ ಮುಂದಿನ ಕಾರಹುಣ್ಣಿಮೆಯ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ಒಳ್ಳೆಯ ಯಾದಿ ಸಿದ್ಧವಾದೀತು.